‘ಮೈಗೆ ರೂಢಿಯಾಗಿದೆ’ ಎಂಬ ಉತ್ತರ: ಪ್ರತಿಜೈವಿಕ ನಿರೋಧಕತೆಯನ್ನು ತರಗತಿಯಲ್ಲಿ ವಿವರಿಸುವ ಬಗೆ

ಎಂಟನೆಯ ತರಗತಿಯ ‘ಸೂಕ್ಷ್ಮಜೀವಿಗಳು: ಮಿತ್ರ ಮತ್ತು ಶತ್ರು’ ಪಾಠದಲ್ಲಿ ಪ್ರತಿಜೈವಿಕಗಳ ಬಗ್ಗೆ ಒಂದು ಚಿಕ್ಕ ಭಾಗವಿದೆ. ವೈದ್ಯರ ಸಲಹೆ ಇಲ್ಲದೆ ಇವನ್ನು ಸೇವಿಸಬಾರದು, ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಬೇಕು, ನೆಗಡಿ ಮತ್ತು ಫ್ಲೂ ವೈರಸ್‌ನಿಂದ ಬರುವುದರಿಂದ ಅವುಗಳಿಗೆ ಇವು ನಾಟುವುದಿಲ್ಲ ಎಂದು ಅಲ್ಲಿ ಹೇಳಿದೆ. ಮಕ್ಕಳು ಈ ಮೂರನ್ನೂ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆಯುತ್ತಾರೆ. ಆದರೆ ಅಭ್ಯಾಸ ಬೋಧನೆಯ ವೇಳೆ ‘ಸುಮ್ಮಸುಮ್ಮನೆ ತೆಗೆದುಕೊಂಡರೆ ಏನಾಗುತ್ತದೆ?’ ಎಂದು ಕೇಳಿದಾಗ ದಾವಣಗೆರೆಯ ತರಗತಿಯಲ್ಲೂ ಹರಿಹರದ ತರಗತಿಯಲ್ಲೂ ಬಂದ ಉತ್ತರ ಹೆಚ್ಚುಕಡಿಮೆ ಒಂದೇ: “ಸರ್, ಪದೇ ಪದೇ ಗುಳಿಗೆ ನುಂಗಿದ್ರೆ ಮೈಗೆ ರೂಢಿ ಆಗಿಬಿಡ್ತದೆ. ಆಮೇಲೆ ಪವರ್ ಜಾಸ್ತಿ ಇರೋ ಗುಳಿಗೆನೇ ಬೇಕಾಗ್ತದೆ.”

ಈ ಉತ್ತರ ಮನೆಗಳಲ್ಲಿ ದೊಡ್ಡವರು ಆಡುವ ಮಾತು. ಇದರಲ್ಲಿ ಒಂದು ಮುಖ್ಯ ತಪ್ಪಿದೆ. ಔಷಧಿಯನ್ನು ತಡೆದುಕೊಳ್ಳುವ ಗುಣ ಬರುವುದು ಬ್ಯಾಕ್ಟೀರಿಯಾಕ್ಕೆ. ರೋಗಿಯ ಮೈಗೆ ಅಲ್ಲ. ಈ ಒಂದು ಅಂಶ ಸ್ಪಷ್ಟವಾಗದಿದ್ದರೆ ಪಾಠದ ಮೂರೂ ಸೂಚನೆಗಳು ಬರೀ ಆಜ್ಞೆಗಳಾಗಿ ಉಳಿಯುತ್ತವೆ. ಈ ಪರಿಕಲ್ಪನೆಯನ್ನು ಒಂದು ಅವಧಿಯಲ್ಲಿ ಹೇಗೆ ಬಿಡಿಸಿ ಹೇಳಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪದಗಳಿಂದ ಹುಟ್ಟುವ ಗೊಂದಲ

ತಪ್ಪು ಕಲ್ಪನೆಗೆ ನಮ್ಮ ಪರಿಭಾಷೆಯೂ ಸ್ವಲ್ಪ ಕಾರಣ. ‘ರೋಗನಿರೋಧಕ ಶಕ್ತಿ’ ಎಂದರೆ ನಮ್ಮ ದೇಹದ ಶಕ್ತಿ. ‘ಪ್ರತಿಜೈವಿಕ ನಿರೋಧಕತೆ’ ಎಂದರೆ ಬ್ಯಾಕ್ಟೀರಿಯಾದ ಗುಣ. ಎರಡರಲ್ಲೂ ‘ನಿರೋಧಕ’ ಇದೆ. ಮೊದಲನೆಯದನ್ನು ಆಗಲೇ ಕಲಿತ ಮಗು ಎರಡನೆಯದನ್ನೂ ದೇಹಕ್ಕೇ ಸೇರಿಸಿಕೊಳ್ಳುವುದು ಸಹಜ. ಇದರ ಜೊತೆಗೆ ದೇಹವೇ ತಯಾರಿಸುವ ‘ಪ್ರತಿಕಾಯ’, ನಾವು ನುಂಗುವ ‘ಪ್ರತಿಜೈವಿಕ’ ಎಂಬ ಎರಡು ‘ಪ್ರತಿ’ಗಳೂ ಒಂದೇ ಪಾಠದಲ್ಲಿ ಬರುತ್ತವೆ. ‘ಅನಗತ್ಯವಾಗಿ ಸೇವಿಸಿದರೆ ಮುಂದೆ ನಿಮಗೆ ಬೇಕಾದಾಗ ಔಷಧಿ ಅಷ್ಟು ಪರಿಣಾಮ ಬೀರದೆ ಇರಬಹುದು’ ಎಂಬ ಅರ್ಥದ ವಿವರಣೆ ಯಾವುದು ಬದಲಾಯಿತು ಎಂದು ಹೇಳುವುದೇ ಇಲ್ಲ. ಆ ಜಾಗವನ್ನು ಮಗು ‘ನನ್ನ ಮೈ’ ಎಂದು ತುಂಬಿಕೊಳ್ಳುತ್ತದೆ.

ಆದ್ದರಿಂದ ಕಪ್ಪುಹಲಗೆಯಲ್ಲಿ ಮೊದಲು ಎರಡು ಕಂಬಸಾಲು ಬರೆಯುವುದು ಒಳ್ಳೆಯದು. ‘ನಮ್ಮ ದೇಹದ್ದು’ ಎಂಬುದರ ಕೆಳಗೆ ರೋಗನಿರೋಧಕ ಶಕ್ತಿ, ಪ್ರತಿಕಾಯ, ಲಸಿಕೆಯಿಂದ ಸಿಗುವ ರಕ್ಷಣೆ. ‘ಬ್ಯಾಕ್ಟೀರಿಯಾದ್ದು’ ಎಂಬುದರ ಕೆಳಗೆ ಪ್ರತಿಜೈವಿಕ ನಿರೋಧಕತೆ. ಪಾಠ ಮುಗಿಯುವವರೆಗೂ ಇದನ್ನು ಅಳಿಸದೆ ಬಿಡಬೇಕು.

ಕೆಮ್ಮು ಒಂದೇ, ಕಾರಣ ಹಲವು

ಮಕ್ಕಳಿಗೆ ಹೆಚ್ಚು ಪರಿಚಯವಿರುವುದು ಉಸಿರಾಟಕ್ಕೆ ಸಂಬಂಧಿಸಿದ ಕಾಯಿಲೆಗಳು. ಆದ್ದರಿಂದ ಉದಾಹರಣೆಗಳನ್ನು ಅಲ್ಲಿಂದಲೇ ಆರಿಸಬಹುದು. ನೆಗಡಿ, ಫ್ಲೂ, ಕೋವಿಡ್ ವೈರಸ್‌ನಿಂದ ಬರುತ್ತವೆ. ಕ್ಷಯ, ನಾಯಿಕೆಮ್ಮು, ಗಂಟಲುಮಾರಿ ಬ್ಯಾಕ್ಟೀರಿಯಾದಿಂದ ಬರುತ್ತವೆ. ಗಂಟಲುನೋವು ಬಹುಪಾಲು ವೈರಸ್‌ನಿಂದ, ಕೆಲವೊಮ್ಮೆ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ. ನ್ಯುಮೋನಿಯಾ ಎರಡರಿಂದಲೂ ಬರಬಹುದು.

ಪ್ರತಿಜೈವಿಕಕ್ಕೆ ವೈರಸ್ ಏಕೆ ಸಾಯುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಪೆನಿಸಿಲಿನ್ ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವ ಕೆಲಸವನ್ನು ಕೆಡಿಸುತ್ತದೆ. ಅಜಿತ್ರೋಮೈಸಿನ್ ಅದರ ರೈಬೋಸೋಮ್‌ಗೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುತ್ತದೆ. ವೈರಸ್‌ಗೆ ಕೋಶಭಿತ್ತಿಯೂ ಇಲ್ಲ, ತನ್ನದೇ ರೈಬೋಸೋಮೂ ಇಲ್ಲ. ಹೊಡೆಯಲು ಗುರಿಯೇ ಇಲ್ಲದ ಮೇಲೆ ಮದ್ದು ಏನು ಮಾಡೀತು? ಕೋವಿಡ್ ಕಾಲದಲ್ಲಿ ಅಜಿತ್ರೋಮೈಸಿನ್ ಮನೆಮಾತಾಗಿತ್ತು. ಕೋವಿಡ್ ರೋಗಿಗಳಿಗೆ ಅದರಿಂದ ಪ್ರಯೋಜನವಿಲ್ಲ ಎಂದು ಬ್ರಿಟನ್ನಿನ ದೊಡ್ಡ ಪ್ರಯೋಗಗಳು 2021ರಲ್ಲಿ ತೋರಿಸಿದವು.

ಕಫ ಹಳದಿ ಅಥವಾ ಹಸಿರಾದರೆ ಬ್ಯಾಕ್ಟೀರಿಯಾ ಸೋಂಕು ಎಂಬ ನಂಬಿಕೆ ಬಹಳ ಮನೆಗಳಲ್ಲಿದೆ. ವೈರಸ್ ಸೋಂಕಿನಲ್ಲೂ ಬಣ್ಣ ಹಾಗಾಗಬಹುದು. ಇನ್ನು ಎಲ್ಲ ಕೆಮ್ಮೂ ಸೋಂಕಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆಯಿಂದ ಬರುವ ಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ. ಹೊಟ್ಟಿನ ದೂಳು, ಹೊಗೆ ಗಂಟಲಿಗೆ ಹೋದರೆ ಏನಾಗುತ್ತದೆಂದು ಅವರಿಗೆ ಗೊತ್ತು. ಹೊಗೆಯಿಂದ ಬಂದ ಕೆಮ್ಮಿಗೆ ಪ್ರತಿಜೈವಿಕ ನುಂಗಿದರೆ ಕೆಮ್ಮೂ ನಿಲ್ಲುವುದಿಲ್ಲ, ಹೊಗೆಯೂ ನಿಲ್ಲುವುದಿಲ್ಲ.

ಬದಲಾವಣೆ ನಡೆಯುವುದು ಎಲ್ಲಿ?

ಅನುಕೂಲ ಪರಿಸ್ಥಿತಿಯಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. 7 ಗಂಟೆಯಲ್ಲಿ 21 ಬಾರಿ ವಿಭಜನೆ. ಒಂದರಿಂದ ಆರಂಭಿಸಿ ದ್ವಿಗುಣ ಮಾಡುತ್ತಾ ಹೋದರೆ 20,97,152 ಆಗುತ್ತದೆ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬೇಕು. ಪ್ರತಿ ವಿಭಜನೆಯಲ್ಲೂ ಡಿಎನ್‌ಎ ನಕಲಾಗುತ್ತದೆ. ಇಷ್ಟು ನಕಲುಗಳ ನಡುವೆ ಅಪರೂಪಕ್ಕೆ ತಪ್ಪುಗಳಾಗುತ್ತವೆ. ಹೆಚ್ಚಿನವು ನಿರುಪಯುಕ್ತ. ಯಾವುದೋ ಒಂದು ತಪ್ಪು ಆ ಬ್ಯಾಕ್ಟೀರಿಯಾಕ್ಕೆ ಔಷಧಿಯನ್ನು ತಡೆದುಕೊಳ್ಳುವ ಗುಣ ಕೊಡಬಹುದು. ಔಷಧಿಯನ್ನು ಒಡೆಯುವ ಕಿಣ್ವ, ಒಳಬಂದ ಔಷಧಿಯನ್ನು ಹೊರಗೆ ದಬ್ಬುವ ಪಂಪು, ಔಷಧಿ ಅಂಟುವ ಜಾಗದ ಆಕಾರವೇ ಬದಲಾಗುವುದು – ಇವು ತಡೆದುಕೊಳ್ಳುವ ಮುಖ್ಯ ವಿಧಾನಗಳು. ಇಂಥ ಗುಣದ ಜೀನನ್ನು ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಉಂಗುರದ ಮೂಲಕ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸಲೂ ಬಲ್ಲದು.

ಇಲ್ಲಿ ಎರಡನೆಯ ತಪ್ಪು ಕಲ್ಪನೆ ತಲೆ ಎತ್ತುತ್ತದೆ. ‘ಹಾಗಾದರೆ ಬ್ಯಾಕ್ಟೀರಿಯಾ ಔಷಧಿಯನ್ನು ನೋಡಿ ಕಲಿಯುತ್ತದೆ’ ಎಂದು ಮಕ್ಕಳು ಹೇಳುತ್ತಾರೆ. 1945ರ ಡಿಸೆಂಬರ್‌ನಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಇಂಥದೇ ಮಾತನ್ನು ಬಳಸಿದ್ದರು. ಅವರು ಕೊಟ್ಟ ಕಾಲ್ಪನಿಕ ಉದಾಹರಣೆಯಲ್ಲಿ ಗಂಟಲುನೋವಿರುವ ಒಬ್ಬಾತ ತಾನೇ ಪೆನಿಸಿಲಿನ್ ಕೊಂಡು ಸಾಲದಷ್ಟು ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಾನೆ. ಬ್ಯಾಕ್ಟೀರಿಯಾ ಸಾಯುವುದಿಲ್ಲ, ಬದಲಿಗೆ ಔಷಧಿಯನ್ನು ಎದುರಿಸಲು ‘ಶಿಕ್ಷಣ’ ಪಡೆಯುತ್ತದೆ. ಅದೇ ಸೋಂಕು ಹೆಂಡತಿಗೆ ತಗುಲಿ ನ್ಯುಮೋನಿಯಾ ಆಗುತ್ತದೆ. ಪೆನಿಸಿಲಿನ್ ನಾಟದೆ ಆಕೆ ಸಾಯುತ್ತಾಳೆ. ಕಥೆಯ ಎಚ್ಚರಿಕೆ ಇಂದಿಗೂ ಸರಿ, ‘ಶಿಕ್ಷಣ’ ಎಂಬುದು ಮಾತ್ರ ಉಪಮೆ. 1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ಮಖಮಲ್ ಬಟ್ಟೆಯನ್ನು ಮುದ್ರೆಯಂತೆ ಬಳಸಿ, ಒಂದು ತಟ್ಟೆಯ ಬ್ಯಾಕ್ಟೀರಿಯಾ ಸಮೂಹಗಳನ್ನು ಅದೇ ಜೋಡಣೆಯಲ್ಲಿ ಬೇರೆ ತಟ್ಟೆಗಳಿಗೆ ಒತ್ತಿದರು. ಸ್ಟ್ರೆಪ್ಟೋಮೈಸಿನ್ ಇದ್ದ ತಟ್ಟೆಯಲ್ಲಿ ಬದುಕಿದವು ಯಾವ ಜಾಗದಿಂದ ಬಂದವೋ, ಮೂಲ ತಟ್ಟೆಯ ಅದೇ ಜಾಗದಲ್ಲಿ, ಔಷಧಿಯನ್ನೇ ಕಾಣದ ನಿರೋಧಕ ಬ್ಯಾಕ್ಟೀರಿಯಾ ಸಿಕ್ಕವು. ಗುಣ ಮೊದಲೇ ಇತ್ತು. ಔಷಧಿ ಮಾಡಿದ್ದು ಆಯ್ಕೆ ಮಾತ್ರ.

ಚಟುವಟಿಕೆ: ಮೊರ, ಮಂಡಕ್ಕಿ, ಪುಟಾಣಿ

ಈ ‘ಆಯ್ಕೆ’ಯನ್ನು ತೋರಿಸಲು ದಾವಣಗೆರೆಯಲ್ಲಿ ಬೇರೆ ಬೋಧನೋಪಕರಣ ಹುಡುಕಬೇಕಿಲ್ಲ. ಪ್ರತಿ ಗುಂಪಿಗೆ ಒಂದು ಮೊರ ಅಥವಾ ಅಗಲ ತಟ್ಟೆ, 60 ಮಂಡಕ್ಕಿ ಕಾಳು, 3 ಪುಟಾಣಿ ಸಾಕು. ಮಂಡಕ್ಕಿ ಎಂದರೆ ಔಷಧಿಗೆ ಸಾಯುವ ಬ್ಯಾಕ್ಟೀರಿಯಾ. ಪುಟಾಣಿ ಎಂದರೆ ನಿರೋಧಕ ಬ್ಯಾಕ್ಟೀರಿಯಾ. ನೋಟ್‌ಬುಕ್ಕಿನಿಂದ ಬೀಸುವ ಗಾಳಿ ಪ್ರತಿಜೈವಿಕ. ಒಮ್ಮೆ ಬೀಸಿ, ಉಳಿದವನ್ನು ಎಣಿಸಿ, ಉಳಿದ ಪ್ರತಿ ಕಾಳಿಗೂ ಅದೇ ಬಗೆಯ ಇನ್ನೊಂದನ್ನು ಸೇರಿಸಬೇಕು. ಇದು ವಿಭಜನೆ. ಹೀಗೆ ಮೂರು ಸುತ್ತು.

ಗಾಳಿಯ ಬಿರುಸಿಗೆ ತಕ್ಕಂತೆ ಗುಂಪಿನಿಂದ ಗುಂಪಿಗೆ ಸಂಖ್ಯೆ ಬದಲಾಗುತ್ತದೆ. ಒಂದು ಮಾದರಿ ಲೆಕ್ಕ ಹೀಗಿದೆ. ಮೊದಲ ಬೀಸಿನ ನಂತರ 15 ಮಂಡಕ್ಕಿ, 3 ಪುಟಾಣಿ ಉಳಿದರೆ ದ್ವಿಗುಣವಾಗಿ 30 ಮತ್ತು 6. ಎರಡನೆಯ ಬೀಸಿನ ನಂತರ 7 ಮತ್ತು 6 ಉಳಿದರೆ 14 ಮತ್ತು 12. ಮೂರನೆಯದರ ನಂತರ 3 ಮತ್ತು 12 ಉಳಿದರೆ 6 ಮತ್ತು 24. ಆರಂಭದಲ್ಲಿ ಶೇಕಡ 5ರಷ್ಟೂ ಇಲ್ಲದ ಪುಟಾಣಿ ಕೊನೆಗೆ ಶೇಕಡ 80. ಈಗ ಕೇಳಬೇಕಾದ ಪ್ರಶ್ನೆ: ಗಾಳಿ ಯಾವುದಾದರೂ ಮಂಡಕ್ಕಿಯನ್ನು ಪುಟಾಣಿ ಮಾಡಿತೇ? ಮೊರವೇನಾದರೂ ಬದಲಾಯಿತೇ? ಮೊರವೇ ನಮ್ಮ ಮೈ ಎಂದು ಆಗ ಹೇಳಿದರೆ ಸಾಕು, ‘ಮೈಗೆ ರೂಢಿ’ ಎಂಬ ಮಾತು ಎಲ್ಲಿ ತಪ್ಪುತ್ತದೆಂದು ಮಕ್ಕಳೇ ಹೇಳುತ್ತಾರೆ.

ಮಾದರಿಯ ಮಿತಿಯನ್ನೂ ತಿಳಿಸಬೇಕು. ಮೊದಲ ಪುಟಾಣಿ ಡಿಎನ್‌ಎ ನಕಲಿನ ತಪ್ಪಿನಿಂದ ಬಂತು ಎಂಬುದು ಇಲ್ಲಿ ಕಾಣುವುದಿಲ್ಲ. ಪ್ಲಾಸ್ಮಿಡ್ ದಾಟುವುದೂ ಕಾಣುವುದಿಲ್ಲ.

ಬೆಂಗಳೂರಿನ ಸಂಸ್ಥೆಯ ಅಂಕಿಗಳು ಹೇಳುವುದು

ಕ್ಷಯರೋಗದಲ್ಲಿ ಈ ಪರಿಕಲ್ಪನೆ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪನೆಯಾದದ್ದು. 2014–16ರಲ್ಲಿ ನಡೆದ ದೇಶದ ಮೊದಲ ಕ್ಷಯ ಔಷಧ ನಿರೋಧಕತೆ ಸಮೀಕ್ಷೆಯಲ್ಲಿ ಈ ಸಂಸ್ಥೆ ಪ್ರಮುಖ ಪಾತ್ರ ವಹಿಸಿತು. ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಕ್ಷಯವನ್ನು ಬಹುಔಷಧ ನಿರೋಧಕ ಕ್ಷಯ ಎನ್ನುತ್ತಾರೆ. ಹಿಂದೆ ಚಿಕಿತ್ಸೆ ಪಡೆದಿದ್ದವರಲ್ಲಿ ಇದು ಶೇಕಡ 11.60 ಇತ್ತು, ಹೊಸ ರೋಗಿಗಳಲ್ಲಿ ಶೇಕಡ 2.84.

ಎರಡು ಸಂಖ್ಯೆಗಳನ್ನೂ ಹಲಗೆಯ ಮೇಲೆ ಬರೆದು ಚರ್ಚಿಸಬಹುದು. ಮೊದಲನೆಯದು ನಾಲ್ಕು ಪಟ್ಟು ಹೆಚ್ಚಿರುವುದು ಚಿಕಿತ್ಸೆಯ ವೇಳೆ ನಡೆಯುವ ಆಯ್ಕೆಗೆ ಹೊಂದುತ್ತದೆ. ಆದರೆ ಎರಡನೆಯದು ಸೊನ್ನೆ ಏಕಲ್ಲ? ಕ್ಷಯದ ಗುಳಿಗೆಯನ್ನೇ ಕಾಣದವರ ಮೈಗೆ ‘ರೂಢಿ’ ಆದದ್ದು ಹೇಗೆ? ಮೈಗೆ ರೂಢಿಯಾಗುವುದೇ ಕಾರಣವಾಗಿದ್ದರೆ ಇದಕ್ಕೆ ಉತ್ತರವಿಲ್ಲ. ನಿರೋಧಕ ಬ್ಯಾಕ್ಟೀರಿಯಾ ಕೆಮ್ಮಿನ ಹನಿಗಳ ಮೂಲಕ ಬೇರೊಬ್ಬರಿಂದ ಬಂದಿದೆ ಎಂದಾಗ ಮಾತ್ರ ಅರ್ಥವಾಗುತ್ತದೆ. ಫ್ಲೆಮಿಂಗ್ ಕಥೆಯ ಹೆಂಡತಿಗೆ ಆದದ್ದೂ ಇದೇ.

ಕ್ಷಯಕ್ಕೆ ಒಟ್ಟಿಗೆ ನಾಲ್ಕು ಔಷಧಿ ಏಕೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಐಸೋನಿಯಾಜಿಡ್‌ಗೆ ತಾನಾಗಿಯೇ ನಿರೋಧಕವಾಗುವ ಬ್ಯಾಕ್ಟೀರಿಯಾ ಸುಮಾರು ಹತ್ತು ಲಕ್ಷಕ್ಕೆ ಒಂದು, ರಿಫಾಂಪಿಸಿನ್‌ಗೆ ಸುಮಾರು ಹತ್ತು ಕೋಟಿಗೆ ಒಂದು. ಎರಡಕ್ಕೂ ಒಮ್ಮೆಗೇ ನಿರೋಧಕವಾಗುವುದು ನೂರು ಲಕ್ಷ ಕೋಟಿಗೆ ಒಂದು. ಒಂದು ಔಷಧಿಯಿಂದ ತಪ್ಪಿಸಿಕೊಂಡದ್ದನ್ನು ಇನ್ನೊಂದು ಕೊಲ್ಲುತ್ತದೆ. ಸಾಮಾನ್ಯವಾಗಿ ಆರು ತಿಂಗಳ ಈ ಚಿಕಿತ್ಸೆಯನ್ನು ಕೆಮ್ಮು ಕಡಿಮೆಯಾಯಿತೆಂದು ಎರಡು ತಿಂಗಳಿಗೇ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಮತ್ತೆ ಬೆಳೆಯುತ್ತವೆ.

ಮಗು ಮನೆಗೆ ಒಯ್ಯುವ ಮಾತು

ಈ ಪಾಠವನ್ನು ಎಚ್ಚರವಿಲ್ಲದೆ ಮುಗಿಸಿದರೆ ಅಪಾಯವಿದೆ. ‘ಆಂಟಿಬಯೋಟಿಕ್ ಕೆಟ್ಟದ್ದು ಅಂತ ನಮ್ಮ ಸರ್ ಹೇಳಿದ್ರು’ ಎಂದು ಮಗು ಮನೆಯಲ್ಲಿ ಹೇಳಿ, ಕ್ಷಯಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವ ಅಜ್ಜ ಅದನ್ನು ನಿಲ್ಲಿಸಿದರೆ ಪಾಠದಿಂದ ಕೆಡುಕೇ ಆದಂತೆ. ನ್ಯುಮೋನಿಯಾ ಆದ ಎಳೆ ಮಗುವಿಗೆ ಸಕಾಲದಲ್ಲಿ ಪ್ರತಿಜೈವಿಕ ಸಿಗದಿದ್ದರೂ ಪ್ರಾಣ ಹೋಗುತ್ತದೆ. ಆದ್ದರಿಂದ ಯಾವಾಗ ಬೇಡ ಎಂಬುದರ ಜೊತೆಗೆ ಯಾವಾಗ ತಡಮಾಡಬಾರದು ಎಂಬುದನ್ನೂ ಕಲಿಸಬೇಕು. ಕೆಮ್ಮು ಇರುವ ಮಗು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆಂದು ಗಡಿಯಾರ ಹಿಡಿದು ಎಣಿಸಬಹುದು. 2ರಿಂದ 11 ತಿಂಗಳ ಮಗುವಿಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದೊಳಗಿನ ಮಗುವಿಗೆ 40 ಅಥವಾ ಹೆಚ್ಚು ಇದ್ದರೆ, ಅಥವಾ ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ, ಚಿಕಿತ್ಸೆ ಉಚಿತ.

‘ಪೂರ್ತಿ ಕೋರ್ಸ್’ ಎಂಬ ಮಾತನ್ನೂ ಸರಿಯಾಗಿ ಹೇಳಬೇಕು. ಎಲ್ಲ ಸೋಂಕಿಗೂ ಉದ್ದ ಚಿಕಿತ್ಸೆ ಬೇಕಿಲ್ಲ. ಸಾಮಾನ್ಯ ನ್ಯುಮೋನಿಯಾಕ್ಕೆ ಈಗ ಹಲವು ಸಂದರ್ಭಗಳಲ್ಲಿ ಐದು ದಿನದ ಚಿಕಿತ್ಸೆಯೇ ಸಾಕಾಗುತ್ತದೆ. ಕ್ಷಯಕ್ಕೆ ತಿಂಗಳುಗಳು ಬೇಕು. ಎಷ್ಟು ದಿನ ಎಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ. ಉಳಿದ ಗುಳಿಗೆಯನ್ನು ಎತ್ತಿಟ್ಟು ತಮ್ಮನಿಗೋ ಪಕ್ಕದ ಮನೆಯವರಿಗೋ ಕೊಡಬಾರದು.

ಮನೆಯವರನ್ನು ದೂರುವ ಧಾಟಿ ಪಾಠದಲ್ಲಿ ಬರಬಾರದು. ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಒಂದು ದಿನದ ಕೂಲಿ ಹೋಗುವ ಮನೆಯಲ್ಲಿ ಮೆಡಿಕಲ್ ಶಾಪಿನ ಎರಡು ಗುಳಿಗೆಗೆ ಮೊರೆಹೋಗುವುದು ಅಜ್ಞಾನದಿಂದ ಮಾತ್ರ ಅಲ್ಲ. ಮಾರುವವರ ಹೊಣೆಯೂ ಇದೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಅನುಸೂಚಿಯ ಪ್ರಕಾರ ಅದರಲ್ಲಿರುವ ಪ್ರತಿಜೈವಿಕಗಳನ್ನು ಚೀಟಿಯ ಮೇಲಷ್ಟೇ ಮಾರಬೇಕು. ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಗುಳಿಗೆ ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥವನ್ನು ತಿಳಿಸಲು 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅಭಿಯಾನ ನಡೆಸಿತು. ಶಿಕ್ಷಕರೇ ಖಾಲಿ ಪಟ್ಟಿಗಳನ್ನು ತಂದು ಗೆರೆ ಗುರುತಿಸಲು ಹೇಳಬಹುದು. ಮನೆಯಿಂದ ಔಷಧಿ ತರಲು ಮಕ್ಕಳಿಗೆ ಹೇಳಬಾರದು.

ಮೌಲ್ಯಮಾಪನ

‘ಪ್ರತಿಜೈವಿಕ ಎಂದರೇನು?’ ಎಂಬ ಪ್ರಶ್ನೆಗೆ ಬಾಯಿಪಾಠದ ಉತ್ತರ ಸಾಕು. ಪರಿಕಲ್ಪನೆ ತಿಳಿದಿದೆಯೇ ಎಂದು ನೋಡಲು ಈ ಮೂರು ಪ್ರಶ್ನೆಗಳು ಉಪಯುಕ್ತ.

1. ಜೀವಮಾನದಲ್ಲಿ ಒಮ್ಮೆಯೂ ಪ್ರತಿಜೈವಿಕ ಸೇವಿಸದ ವ್ಯಕ್ತಿಗೆ ನಿರೋಧಕ ಬ್ಯಾಕ್ಟೀರಿಯಾದ ಸೋಂಕು ತಗುಲಬಹುದೇ? ಏಕೆ?
2. ನೆಗಡಿಗೆ ಪ್ರತಿಜೈವಿಕ ನುಂಗಿದಾಗ ವೈರಸ್ ಸಾಯುವುದಿಲ್ಲ. ಹಾಗಾದರೆ ಮೈಯಲ್ಲಿರುವ ಇತರ ಬ್ಯಾಕ್ಟೀರಿಯಾಗಳಿಗೆ ಏನಾಗುತ್ತದೆ?
3. ನ್ಯುಮೋಕಾಕಸ್ ಲಸಿಕೆ ಬ್ಯಾಕ್ಟೀರಿಯಾವನ್ನು ನೇರವಾಗಿ ಕೊಲ್ಲುವುದಿಲ್ಲ. ಆದರೂ ಅದು ನಿರೋಧಕತೆಯನ್ನು ತಗ್ಗಿಸಲು ಹೇಗೆ ನೆರವಾಗುತ್ತದೆ?

ಮೊದಲನೆಯ ಪ್ರಶ್ನೆಗೆ ‘ಇಲ್ಲ’ ಎಂದ ಮಗುವಿಗೆ ಮೊರದ ಚಟುವಟಿಕೆಯನ್ನು ಇನ್ನೊಮ್ಮೆ ಮಾಡಿಸಬೇಕು. ಎರಡನೆಯದಕ್ಕೆ ‘ಗಾಳಿ ಬೀಸಿದಂತೆಯೇ’ ಎಂದು ಉತ್ತರಿಸಿದ ಮಗುವಿಗೆ ಪೂರ್ತಿ ಅಂಕ ಕೊಡಬಹುದು. 2019ರಲ್ಲಿ ಜಗತ್ತಿನಲ್ಲಿ 12 ಲಕ್ಷ 70 ಸಾವಿರ ಸಾವುಗಳಿಗೆ ಬ್ಯಾಕ್ಟೀರಿಯಾಗಳ ಔಷಧ ನಿರೋಧಕತೆಯೇ ನೇರ ಕಾರಣ ಎಂದು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಇಷ್ಟು ದೊಡ್ಡ ಸಮಸ್ಯೆಗೆ ಪಠ್ಯದಲ್ಲಿರುವ ಜಾಗ ಕೆಲವೇ ಸಾಲು. ಘಟಕ ಯೋಜನೆ ತಯಾರಿಸುವಾಗ ಆ ಸಾಲುಗಳಿಗೆ ಒಂದು ಪೂರ್ಣ ಅವಧಿ ಮೀಸಲಿಡುವುದು ನಮ್ಮ ಕೈಯಲ್ಲೇ ಇದೆ.