ಕೊಬ್ಬರಿಯಲ್ಲಿ ಎಣ್ಣೆ ಕೂಡಿದ ಬಗೆ

ಬೇಲೂರು, ಹಳೇಬೀಡಿನಲ್ಲಿ ದೇಗುಲ ನೋಡಿ ಬಂದವರನ್ನು ಎಳನೀರು ಮಾರುವವರು ಕೇಳುವುದು ಒಂದೇ ಮಾತು: ‘ನೀರು ಬೇಕಾ, ಗಂಜಿ ಬೇಕಾ?’ ಅದೇ ಕಾಯಿ ಮರದಲ್ಲೇ ಬಲಿತು ಅರಸೀಕೆರೆ ಸೀಮೆಯ ಅಟ್ಟ ಸೇರಿದರೆ ಉಂಡೆ ಕೊಬ್ಬರಿ. ನೀರು ಗಂಜಿಯಾಗಿ, ಗಂಜಿ ಎಣ್ಣೆ ತುಂಬಿದ ಕಾಯಾಗುವುದು ಜೀವಕೋಶದೊಳಗಿನ ಪೊರೆಗಳ ಕೂಡುಕೆಲಸದಿಂದ.

ಎಳೆಯ ಕಾಯಿಯಲ್ಲಿ ಕೋಶಕೇಂದ್ರಗಳು ಒಡೆದು ಹೆಚ್ಚುತ್ತಲೇ ಹೋಗುತ್ತವೆ, ನಡುವೆ ಗೋಡೆ ಏಳುವುದಿಲ್ಲ. ಸಾವಿರಾರು ಕೋಶಕೇಂದ್ರಗಳು ಒಂದೇ ದ್ರವದಲ್ಲಿರುತ್ತವೆ; ನಾವು ಕುಡಿಯುವ ಎಳನೀರು ಅದೇ ಎಂದು ಪಿಯುಸಿ ಮಕ್ಕಳೂ ಓದುತ್ತಾರೆ. ಸುಮಾರು ಆರು ತಿಂಗಳಿಗೆ ಕರಟದ ಒಳಮೈಯಲ್ಲಿ ಕೋಶಗಳು ಮೂಡತೊಡಗುತ್ತವೆ. ಗಾಲ್ಗಿ ಎಂಬ ಕಣದಂಗ ಕಳಿಸಿದ ಪುಟ್ಟ ಪೊರೆಚೀಲಗಳು ಕೋಶಕೇಂದ್ರಗಳ ನಡುವೆ ಸಾಲಾಗಿ ನಿಂತು ಒಂದರೊಡನೊಂದು ಬೆಸೆದುಕೊಳ್ಳುತ್ತವೆ. ಒಳಗಿನ ಸರಕು ಗೋಡೆಯಾಗುತ್ತದೆ, ಚೀಲದ ಪೊರೆಯೇ ಎರಡೂ ಬದಿಯ ಕೋಶಗಳ ಪೊರೆಯಾಗುತ್ತದೆ. ಹೀಗೆ ಕಟ್ಟಿದ ಎಳೆಯ ಪದರವೇ ಗಂಜಿ.

ಮುಂದಿನದು ಎಣ್ಣೆ. ಕೋಶದೊಳಗಿನ ಪ್ಲಾಸ್ಟಿಡ್ ಎಂಬ ಕಣದಂಗ, ಎಲೆಯಿಂದ ಬಂದ ಸಕ್ಕರೆಯನ್ನು ಬಳಸಿ ಎರಡೆರಡೇ ಕಾರ್ಬನ್ ಜೋಡಿಸಿ ಕೊಬ್ಬಿನಾಮ್ಲ ಹೆಣೆಯುತ್ತದೆ. ಹೆಚ್ಚಿನ ಎಣ್ಣೆಬೀಜಗಳಲ್ಲಿ ಆ ಸರಪಳಿ 16, 18 ಕಾರ್ಬನ್‌ವರೆಗೆ ಬೆಳೆಯುತ್ತದೆ. ತೆಂಗಿನಲ್ಲಿ ಬಹುಪಾಲು 12ಕ್ಕೇ ತುಂಡಾಗಿ ಲಾರಿಕ್ ಆಮ್ಲವಾಗುತ್ತದೆ; ಕೊಬ್ಬರಿ ಎಣ್ಣೆಯ ಹೆಚ್ಚುಕಡಿಮೆ ಅರ್ಧ ಇದೇ. ಆದರೆ ಆಮ್ಲ ಇನ್ನೂ ಎಣ್ಣೆಯಲ್ಲ. ಮೂರು ಆಮ್ಲಗಳನ್ನು ಒಂದು ಗ್ಲಿಸರಾಲ್‌ಗೆ ಕೂಡಿಸುವ ಕೆಲಸ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನದು. ಈ ಪೊರೆಯ ಬಲೆಯನ್ನು 1945ರಲ್ಲಿ ಕೀತ್ ಪೋರ್ಟರ್, ಆಲ್ಬರ್ಟ್ ಕ್ಲಾಡ್ ಮತ್ತು ಅರ್ನೆಸ್ಟ್ ಫುಲ್ಲಮ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಲೇಸರ್ ಚಿಮುಟದಿಂದ ಎಳೆದು ನೋಡಿದಾಗ, ಬಲೆಯ ತುಣುಕುಗಳು ಹರಿತ್ತಿನ ಪ್ಲಾಸ್ಟಿಡ್ಡನ್ನು ಬಿಟ್ಟು ಬರಲಿಲ್ಲ. ಎರಡೂ ಅಷ್ಟು ಬಿಗಿಯಾಗಿ ತಾಗಿಕೊಂಡಿದ್ದವು.

ಬಲೆಯ ಪೊರೆಗೆ ಎರಡು ಪದರ. ಹೊಸ ಎಣ್ಣೆ ಆ ಪದರಗಳ ನಡುವೆ ಸೇರಿ ಉಬ್ಬುತ್ತದೆ, ಒಂದೇ ಪದರ ಹೊದ್ದ ಹನಿಯಾಗಿ ಹೊರಬರುತ್ತದೆ. ಹಿಂಡಿದ ಕಾಯಿಹಾಲು ಬೆಳ್ಳಗೆ ಕಾಣುವುದು ಇಂಥ ಅಸಂಖ್ಯ ಹನಿಗಳಿಂದ.

ಪ್ಲಾಸ್ಟಿಡ್ ಮತ್ತು ಬಲೆಯ ಈ ಜೊತೆಗಾರಿಕೆ ಎಷ್ಟು ಅಗತ್ಯ ಎಂಬುದನ್ನು ಅಮೆರಿಕದ ಕ್ಯಾಲ್ಜೀನ್ ಕಂಪನಿ 1990ರ ದಶಕದಲ್ಲಿ ಕಂಡುಕೊಂಡಿತು. ಬೇರೊಂದು ಮರದ ಜೀನ್ ಸೇರಿಸಿದಾಗ ಕನೋಲಾ ಎಂಬ ಎಣ್ಣೆಬೀಜದ ಗಿಡದ ಪ್ಲಾಸ್ಟಿಡ್ ಲಾರಿಕ್ ಆಮ್ಲವನ್ನೇನೋ ಮಾಡಿತು. ಆದರೆ ಗ್ಲಿಸರಾಲ್‌ನ ನಡುಸ್ಥಾನಕ್ಕೆ ಅದನ್ನು ಕೂರಿಸುವುದು ಕನೋಲಾದ ಬಲೆಗೆ ತಿಳಿಯದು. ಕಂಪನಿಯ ವಿಜ್ಞಾನಿಗಳು ತೆಂಗಿನ ತಿರುಳಿನಿಂದ ಆ ಕೆಲಸದ ಕಿಣ್ವದ ಜೀನನ್ನು ಹುಡುಕಿ 1995ರಲ್ಲಿ ಪ್ರಕಟಿಸಿದರು. ಅದನ್ನೂ ಸೇರಿಸಿದ ಮೇಲೆ ನಡುಸ್ಥಾನ ತುಂಬಿತು.

ಅಟ್ಟದಲ್ಲಿ ಹತ್ತು ಹನ್ನೆರಡು ತಿಂಗಳು ಕಾದರೆ ಕಾಯಿಯ ನೀರು ಇಂಗಿ, ಗಿಟುಕು ಕರಟ ಬಿಟ್ಟು ಅಲ್ಲಾಡುತ್ತದೆ. ಹಸಿಕಾಯಲ್ಲಿ ಅರ್ಧದಷ್ಟು ನೀರು, ಮೂರನೇ ಒಂದು ಪಾಲು ಎಣ್ಣೆ. ಕೊಬ್ಬರಿಯಲ್ಲಿ ಎಣ್ಣೆಯೇ ಸುಮಾರು ಶೇ 65. ಹೋದದ್ದು ನೀರು ಮಾತ್ರ. ಎಣ್ಣೆ ಒಂದು ಹನಿಯೂ ಹೊಸದಾಗಿ ಹುಟ್ಟಿಲ್ಲ. ಆದ್ದರಿಂದಲೇ ಮಳೆ ಕೈಕೊಟ್ಟ ವರ್ಷ, ಕಪ್ಪುತಲೆ ಹುಳು ಗರಿ ಕೆರೆದ ವರ್ಷ, ಅಟ್ಟದಲ್ಲಿ ಎಷ್ಟು ಜತನ ಮಾಡಿದರೂ ನಷ್ಟ ತುಂಬದು. ಗರಿಯ ಸಕ್ಕರೆ ಸೊರಗಿದರೆ ಪ್ಲಾಸ್ಟಿಡ್‌ಗೆ ಕೆಲಸವಿಲ್ಲ, ಬಲೆಗೆ ಸರಕಿಲ್ಲ. ಕೊಬ್ಬರಿಯ ಬೆಲೆ ಉಳಿಸಬೇಕಾದವರು ಮೊದಲು ಹಸಿರು ಗರಿಯನ್ನು ಉಳಿಸಬೇಕು.