ಮುಗಿಯದ ದೇವಾಲಯದಲ್ಲಿ ಮೊಳಗಿದ ಗಾನ



ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಗೆ ಅಡ್ಡಲಾಗಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ್ದಾರೆ. ಅಲ್ಲಿ ನಿಂತು ರೇಣುಕಾ ಸಾಗರವನ್ನು ನೋಡಿದವರಿಗೆ ಒಂದು ಮಾತು ಹೊಳೆಯದೆ ಇರದು. ಈ ನೀರೆಲ್ಲ ಇಲ್ಲಿಯೇ ಬಿದ್ದ ಮಳೆಯದಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಹೊಳೆ, ಮಲೆನಾಡಿನ ಮಳೆಯನ್ನು ಹೊತ್ತು ತಂದು ಬಯಲುಸೀಮೆಯ ಹೊಲಗಳಿಗೆ ಉಣಿಸುತ್ತದೆ. ಎಲ್ಲೋ ಸುರಿದದ್ದು ಎಲ್ಲೋ ಬೆಳೆಯಾಗುತ್ತದೆ.

ನಮ್ಮ ಆರಾಧನೆಯ ಬದುಕಿನಲ್ಲೂ ಹೀಗೆ ದೂರದಿಂದ ಹರಿದು ಬಂದದ್ದು ಬಹಳ ಇದೆ. ಮೂರು ರಾಯರ ಹಬ್ಬದಂದು ಗೋದಲಿಯ ಮುಂದೆ ಒಂಟೆಗಳೊಡನೆ ಮೂರು ಪ್ರತಿಮೆಗಳನ್ನು ಇಡುತ್ತೇವೆ. ಅವರು ಮೂವರೆಂದಾಗಲಿ, ರಾಜರೆಂದಾಗಲಿ ಶುಭಸಂದೇಶ ಹೇಳುವುದಿಲ್ಲ. ಮೂರು ಕಾಣಿಕೆಗಳನ್ನು ತಂದರೆಂದು ಮಾತ್ರ ಹೇಳುತ್ತದೆ. ಆದರೂ ಆ ದೂರದ ಯಾತ್ರಿಕರ ಮೇಲಿನ ಪ್ರೀತಿ ಕ್ರೈಸ್ತ ಜನರಲ್ಲಿ ಎಷ್ಟು ಬೆಳೆಯಿತೆಂದರೆ, ಅವರದೆಂದು ನಂಬಿದ ಅವಶೇಷಗಳಿಗಾಗಿ ಜರ್ಮನಿಯ ಕಲೋನ್ ಪಟ್ಟಣದಲ್ಲಿ ಒಂದು ಮಹಾ ದೇವಾಲಯವೇ ಎದ್ದಿತು. ಆ ದೇವಾಲಯದ ಕಥೆಯನ್ನೂ ಅದರ ಗಾನದ ಕಥೆಯನ್ನೂ ಈ ಹಬ್ಬದ ಸಂದರ್ಭದಲ್ಲಿ ನೆನೆಯೋಣ.

ಮೈಸೂರಿನಲ್ಲೊಂದು ಗುರುತು

ಕಲೋನ್ ನಮಗೆ ತೀರ ಅಪರಿಚಿತವಲ್ಲ. ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಹೋದವರು ಅರಮನೆಯ ಜೊತೆಗೆ ಸಂತ ಫಿಲೋಮಿನಾ ಪ್ರಧಾನಾಲಯವನ್ನೂ ನೋಡಿ ಬಂದಿರುತ್ತಾರೆ. ಆಕಾಶಕ್ಕೆ ಚಾಚಿದ ಅದರ ಜೋಡಿ ಗೋಪುರಗಳು ಕಲೋನ್ ದೇವಾಲಯದ ಮಾದರಿಯವು ಎಂದು ಹೇಳಲಾಗುತ್ತದೆ. ಅದೇ ಸ್ಥಳದಲ್ಲಿ ಹಿಂದೆ ಇದ್ದ ಚಿಕ್ಕ ದೇವಾಲಯ ಸಾಲದಾದಾಗ, 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹೊಸ ದೇವಾಲಯಕ್ಕೆ ಅಡಿಗಲ್ಲು ಹಾಕಿದರು. ಹಿಂದೂ ಅರಸರೊಬ್ಬರು ಕ್ರೈಸ್ತ ದೇವಾಲಯಕ್ಕೆ ಕಲ್ಲಿಟ್ಟ ಆ ಘಟನೆ ನಮ್ಮ ನಾಡಿನ ಹೆಮ್ಮೆ. ಮೈಸೂರಿನ ಗೋಪುರಗಳ ಎತ್ತರ 175 ಅಡಿ. ಕಲೋನ್ ಗೋಪುರಗಳದು 157 ಮೀಟರ್, ಎಂದರೆ ಹೆಚ್ಚುಕಡಿಮೆ ಅದರ ಮೂರು ಪಟ್ಟು. ಮಗಳನ್ನು ನೋಡಿದವರು ತಾಯಿಯನ್ನು ಊಹಿಸಿಕೊಳ್ಳಬಹುದು.

ಅಡಿಗಲ್ಲಿನಿಂದ ಕಲಶದವರೆಗೆ 632 ವರ್ಷ

1164ರಲ್ಲಿ ಕಲೋನ್‌ನ ಮಹಾಧರ್ಮಾಧ್ಯಕ್ಷ ರೈನಾಲ್ಡ್ ಎಂಬವರು ಇಟಲಿಯ ಮಿಲಾನ್ ನಗರದಿಂದ ಮೂರು ರಾಯರದೆಂದು ಪೂಜ್ಯವಾಗಿದ್ದ ಪವಿತ್ರ ಅವಶೇಷಗಳನ್ನು ತಂದರು. ಮಿಲಾನನ್ನು ಗೆದ್ದ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾ ಅವನ್ನು ಅವರಿಗೆ ಕೊಟ್ಟಿದ್ದನು. ನಿಕೋಲಾಸ್ ಎಂಬ ಪ್ರಸಿದ್ಧ ಅಕ್ಕಸಾಲಿಗನೂ ಅವನ ಬಳಗದವರೂ ಸೇರಿ ಅವುಗಳಿಗಾಗಿ ಚಿನ್ನದ ಲೇಪದ ದೊಡ್ಡ ಮಂಜೂಷವೊಂದನ್ನು ಮಾಡಿದರು. ದೇವಾಲಯದ ಆಕಾರದ ಆ ಮಂಜೂಷ ಇಂದಿಗೂ ಅಲ್ಲಿಯ ಬಲಿಪೀಠದ ಹಿಂದೆ ಇದೆ. ಯಾತ್ರಿಕರ ಸಾಲು ಬೆಳೆಯಿತು. ಇದ್ದ ದೇವಾಲಯ ಸಾಲದಾಯಿತು.

1248ರ ಆಗಸ್ಟ್ 15, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದಂದು, ಮಹಾಧರ್ಮಾಧ್ಯಕ್ಷ ಕೊನ್ರಾಡ್ ಅವರು ಹೊಸ ದೇವಾಲಯಕ್ಕೆ ಅಡಿಗಲ್ಲು ಹಾಕಿದರು. ಬಲಿಪೀಠವಿರುವ ಪೂರ್ವಭಾಗವನ್ನು ಮೊದಲು ಕಟ್ಟಿದರು. ಆ ಒಂದು ಭಾಗ ಮುಗಿದು ಪವಿತ್ರೀಕರಣವಾದದ್ದು 1322ರಲ್ಲಿ. ಅಡಿಗಲ್ಲು ಹಾಕಿದ್ದನ್ನು ಕಂಡವರಲ್ಲಿ ಬಹುತೇಕ ಯಾರೂ ಆ ದಿನಕ್ಕೆ ಉಳಿದಿರಲಿಲ್ಲ.

ಉಳಿದ ಭಾಗ ಕಟ್ಟುವವರೆಗೆ ಗಾಳಿ ಮಳೆ ಒಳಗೆ ಬಾರದಿರಲೆಂದು ಪಶ್ಚಿಮದ ಕಡೆ ಒಂದು ತಾತ್ಕಾಲಿಕ ಗೋಡೆ ಎಬ್ಬಿಸಿದರು. ಆ ಗೋಡೆ ಐದು ನೂರು ವರ್ಷಕ್ಕೂ ಹೆಚ್ಚು ನಿಂತಿತು! 16ನೆಯ ಶತಮಾನದಲ್ಲಿ ಹಣವೂ ಉತ್ಸಾಹವೂ ಬತ್ತಿ ಕೆಲಸ ನಿಂತೇಹೋಯಿತು. ಅರ್ಧಕ್ಕೆ ನಿಂತ ದಕ್ಷಿಣ ಗೋಪುರದ ಮೇಲೆ ಕಲ್ಲೆತ್ತುವ ಮರದ ಕ್ರೇನ್ ಹಾಗೆಯೇ ಉಳಿಯಿತು. ಸುಮಾರು ನಾಲ್ಕು ನೂರು ವರ್ಷ ಅದು ಊರಿನ ಗುರುತಾಗಿತ್ತು. ತಲೆಮಾರುಗಳು ಆ ಕ್ರೇನನ್ನು ನೋಡುತ್ತ ಹುಟ್ಟಿ, ನೋಡುತ್ತ ಮುದುಕರಾದವು.

19ನೆಯ ಶತಮಾನದಲ್ಲಿ ಮತ್ತೆ ಎಚ್ಚರವಾಯಿತು. ಮುಂಭಾಗದ ಮಧ್ಯಯುಗದ ನಕ್ಷೆ ಎರಡು ತುಂಡಾಗಿ ಕಳೆದುಹೋಗಿತ್ತು. ಒಂದು ತುಂಡು 1814ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿಯೂ ಇನ್ನೊಂದು 1816ರಲ್ಲಿ ಪ್ಯಾರಿಸ್‌ನಲ್ಲಿಯೂ ಸಿಕ್ಕವು. 1842ರಲ್ಲಿ ಪ್ರಷ್ಯಾದ ದೊರೆ ನಾಲ್ಕನೆಯ ಫ್ರೆಡರಿಕ್ ವಿಲಿಯಂ ಕೆಲಸ ಮುಂದುವರಿಸಲು ಕಲ್ಲಿಟ್ಟನು. ಆತನು ಪ್ರೊಟೆಸ್ಟೆಂಟ್ ಪಂಗಡದವನು. ಮೈಸೂರಿನಲ್ಲಿ ಆದದ್ದು ಅಲ್ಲಿಯೂ ಮೊದಲೇ ಆಗಿತ್ತು ನೋಡಿ! ಅರಸನ ಬೊಕ್ಕಸದ ಜೊತೆಗೆ, ಸಂಘ ಕಟ್ಟಿಕೊಂಡ ಸಾಮಾನ್ಯ ನಾಗರಿಕರ ದೇಣಿಗೆಯೂ ಹರಿದು ಬಂತು. 1880ರ ಅಕ್ಟೋಬರ್ 15ರಂದು ಕೆಲಸ ಮುಗಿದ ಸಂಭ್ರಮ. ಆದರೆ ಆ ದಿನ ಕಲೋನ್‌ನ ಮಹಾಧರ್ಮಾಧ್ಯಕ್ಷರು ಅಲ್ಲಿರಲಿಲ್ಲ. ಸರ್ಕಾರಕ್ಕೂ ಧರ್ಮಸಭೆಗೂ ನಡೆದ ಸಂಘರ್ಷದಿಂದ ಅವರು ದೇಶ ಬಿಟ್ಟು ಹೋಗಬೇಕಾಗಿತ್ತು. ಸಂಪೂರ್ಣವಾದ ದೇವಾಲಯದ ಹಬ್ಬವೂ ಅಪೂರ್ಣವಾಗಿಯೇ ನಡೆಯಿತು.

ಗೋಡೆಯ ಈಚೆ ಹಾಡಿದವರು

ಈಗ ಮುಖ್ಯ ಪ್ರಶ್ನೆ. ದೇವಾಲಯ ಮುಗಿಯದ ಆ ಶತಮಾನಗಳಲ್ಲಿ ಜನ ಏನು ಮಾಡಿದರು? ಹಾಡಿದರು.

ಪವಿತ್ರೀಕರಣಕ್ಕೂ ಮೊದಲೇ, 1308ರಿಂದ 1311ರ ಸುಮಾರಿಗೆ, ಬಲಿಪೀಠದ ಎರಡೂ ಬದಿಗೆ ಓಕ್ ಮರದಲ್ಲಿ ಕೆತ್ತಿದ 104 ಆಸನಗಳನ್ನು ಸಿದ್ಧ ಮಾಡಿದ್ದರು. ಗೋಪುರದ ಸುಳಿವಿಲ್ಲ, ಮುಖ್ಯ ಬಾಗಿಲಿಲ್ಲ. ಹಾಡುವವರಿಗೆ ಮಾತ್ರ ಜಾಗವಾಗಿತ್ತು! ಪ್ರಧಾನಾಲಯದ ಗುರುಗಳು ಆ ಆಸನಗಳಲ್ಲಿ ಎದುರುಬದುರಾಗಿ ಕುಳಿತು, ದಿನದ ಗೊತ್ತಾದ ಹೊತ್ತುಗಳಲ್ಲಿ ಕೀರ್ತನೆಗಳನ್ನು ಲತೀನ್ ಭಾಷೆಯಲ್ಲಿ ಹಾಡುತ್ತಿದ್ದರು. ಒಂದು ಸಾಲನ್ನು ಈ ಬದಿಯವರು, ಮರುಸಾಲನ್ನು ಆ ಬದಿಯವರು. ನಮ್ಮ ಹಳ್ಳಿಯ ಭಜನಾ ಮೇಳದಲ್ಲಿ ಮುಂದಿನವರು ಎತ್ತಿಕೊಟ್ಟದ್ದನ್ನು ಹಿಂದಿನವರು ಹಿಡಿಯುವುದನ್ನು ಕಂಡವರಿಗೆ ಈ ಕ್ರಮದ ಸೊಗಸು ಬೇಗ ತಿಳಿಯುತ್ತದೆ.

ಆ ಹಾಡುಗಾರಿಕೆ ಏಕೆ ನಿಧಾನ, ಏಕೆ ತಾಳವಾದ್ಯವಿಲ್ಲ ಎಂದು ಕೆಲವರು ಕೇಳುವುದುಂಟು. ವಿಜಯಪುರದ ಗೋಳಗುಮ್ಮಟದಲ್ಲಿ ಪಿಸುಮಾತು ಕೂಡ ಮರುದನಿಯಾಗಿ ಬರುವುದನ್ನು ನಾವು ಕೇಳಿದ್ದೇವೆ. ಎತ್ತರದ ಕಲ್ಲಿನ ಚಾವಣಿಯ ಕೆಳಗೆ ಎದ್ದ ದನಿ ಕೂಡಲೇ ಅಡಗುವುದಿಲ್ಲ, ಎಷ್ಟೋ ಹೊತ್ತು ತೇಲಾಡುತ್ತದೆ. ಅಲ್ಲಿ ಅವಸರದಿಂದ ಹಾಡಿದರೆ ಒಂದು ಪದ ಇನ್ನೊಂದರ ಮೇಲೆ ಬಿದ್ದು ಗೊಂದಲವಾಗುತ್ತದೆ. ಎಲ್ಲರೂ ಒಂದೇ ಸ್ವರದಲ್ಲಿ, ಉಸಿರಿಗೆ ಎಡೆಕೊಟ್ಟು, ಒಬ್ಬರನ್ನೊಬ್ಬರು ಕೇಳಿಸಿಕೊಂಡು ಹಾಡಿದರೆ ಕಟ್ಟಡವೇ ದನಿಗೂಡಿಸಿದಂತಾಗುತ್ತದೆ.

ಗಾನ ಎಂದೂ ನಿಲ್ಲಲಿಲ್ಲ ಎಂದು ಹೇಳಿದರೆ ಸುಳ್ಳಾದೀತು. 1794ರಲ್ಲಿ ಫ್ರೆಂಚ್ ಸೇನೆ ಪಟ್ಟಣವನ್ನು ಹಿಡಿದ ಮೇಲೆ ದೇವಾಲಯ ಕೆಲಕಾಲ ಉಗ್ರಾಣವಾಯಿತು, ಸೆರೆಯಾಳುಗಳನ್ನು ಕೂಡಿಹಾಕುವ ಜಾಗವೂ ಆಯಿತು. ಆದರೆ ಆರಾಧನೆ ಮರಳಿತು, ಅದರೊಡನೆ ಹಾಡೂ ಮರಳಿತು. 1863ರಲ್ಲಿ ಆ ಹಳೆಯ ತಾತ್ಕಾಲಿಕ ಗೋಡೆಯನ್ನು ಕೆಡವಿದರು. ಪ್ರಧಾನಾಲಯದ ಇಂದಿನ ಗಾನವೃಂದ ಹುಟ್ಟಿದ್ದೂ ಅದೇ ವರ್ಷ. ಗೋಪುರಗಳು ಮುಗಿಯಲು ಇನ್ನೂ 17 ವರ್ಷ ಬಾಕಿ ಇತ್ತು. ಹುಡುಗರೂ ಗಂಡಸರೂ ಹಾಡುವ ಆ ವೃಂದದ ಜೊತೆಗೆ 1989ರಲ್ಲಿ ಹುಡುಗಿಯರ ವೃಂದವೂ ಸೇರಿತು.

ಗಂಟೆ ಮತ್ತು ಆರ್ಗನ್

ದೇವಾಲಯದ ಗಂಟೆಗಳಿಗೂ ಒಂದು ಕಥೆಯಿದೆ. 1448 ಮತ್ತು 1449ರಲ್ಲಿ ಎರಕ ಹೊಯ್ದ ಎರಡು ದೊಡ್ಡ ಗಂಟೆಗಳು ಇಂದಿಗೂ ಮೊಳಗುತ್ತವೆ. 1870ರ ದಶಕದಲ್ಲಿ, ಯುದ್ಧದಲ್ಲಿ ವಶವಾದ ಫ್ರೆಂಚ್ ಫಿರಂಗಿಗಳನ್ನು ಕರಗಿಸಿ ಒಂದು ಮಹಾಗಂಟೆ ಮಾಡಿದರು. ಮೊದಲನೆಯ ಮಹಾಯುದ್ಧ ಬಂತು. 1918ರಲ್ಲಿ ಆ ಗಂಟೆಯನ್ನೇ ಮತ್ತೆ ಯುದ್ಧದ ಲೋಹಕ್ಕಾಗಿ ಒಡೆದರು. ಕತ್ತಿಯಿಂದ ಬಂದದ್ದು ಕತ್ತಿಗೇ ಹೋಯಿತು. ಅದರ ಸ್ಥಾನಕ್ಕೆ 1923ರಲ್ಲಿ ಸಂತ ಪೇತ್ರರ ಹೆಸರಿನ ಗಂಟೆ ಬಂತು. ಸುಮಾರು 24 ಟನ್ ತೂಕದ ಅದನ್ನು ಊರಿನವರು ‘ದಪ್ಪ ಪೀಟರ್’ ಎಂದು ಅಕ್ಕರೆಯಿಂದ ಕರೆಯುತ್ತಾರೆ. 2011ರ ಜನವರಿ 6ರಂದು, ಸರಿಯಾಗಿ ಮೂರು ರಾಯರ ಹಬ್ಬದ ದಿನ, ಮೊಳಗುತ್ತಿದ್ದಾಗಲೇ ಅದರ ನಾಲಗೆ ಕಳಚಿ ಬಿತ್ತು! ಹೊಸ ನಾಲಗೆ ತೊಟ್ಟು ಅದೇ ವರ್ಷದ ಡಿಸೆಂಬರ್‌ನಲ್ಲಿ ಮತ್ತೆ ದನಿಗೊಟ್ಟಿತು.

ಎರಡನೆಯ ಮಹಾಯುದ್ಧದಲ್ಲಿ ದೇವಾಲಯದ ಮೇಲೆ 14 ಬಾಂಬುಗಳು ಬಿದ್ದವು. ಸುತ್ತಲಿನ ಪಟ್ಟಣ ಬೂದಿಯಾಯಿತು, ದೇವಾಲಯ ಗಾಯಗೊಂಡು ನಿಂತಿತು. 1948ರಲ್ಲಿ, ಅಡಿಗಲ್ಲಿನ 700ನೆಯ ವರ್ಷಕ್ಕೆ, ರಿಪೇರಿಯಾದ ಒಂದು ಭಾಗದಲ್ಲಿ ಆರಾಧನೆ ಶುರುವಾಯಿತು. ಅದೇ ವರ್ಷ ಹೊಸ ಆರ್ಗನ್ ಕೂಡ ಬಂತು. 750ನೆಯ ವರ್ಷವಾದ 1998ರಲ್ಲಿ ಇನ್ನೊಂದು ಆರ್ಗನ್ ಸೇರಿತು. ಅದು ಗೋಡೆಯ ಎತ್ತರದಲ್ಲಿ, ಉಕ್ಕಿನ ಸರಳುಗಳಿಂದ ತೂಗುಬಿದ್ದು ಪಕ್ಷಿಯ ಗೂಡಿನಂತೆ ಕಾಣುತ್ತದೆ.

ಆರ್ಗನ್ ಎಂದರೆ ಸಾವಿರಾರು ಕೊಳವೆಗಳ ಗಾಳಿವಾದ್ಯ. ತಿದಿಯಿಂದ ಬಂದ ಗಾಳಿ ಕೊಳವೆಗಳಲ್ಲಿ ಹೊಕ್ಕು ನಾದವಾಗುತ್ತದೆ. ನಮ್ಮ ದೇವಾಲಯಗಳಲ್ಲಿ ಅದು ಅಪರೂಪ. ಆದರೆ ಅದರ ಚಿಕ್ಕ ಬಂಧುವೊಂದು ನಮ್ಮ ಮನೆಮನೆಗೂ ಗೊತ್ತು. ಅದೇ ಹಾರ್ಮೋನಿಯಂ. ಕೊಳವೆಗಳ ಬದಲು ಲೋಹದ ಪಟ್ಟಿಗಳನ್ನು ಗಾಳಿ ಮಿಡಿಯುವ ಈ ವಾದ್ಯಕ್ಕೆ 1842ರಲ್ಲಿ ಪ್ಯಾರಿಸ್‌ನ ಅಲೆಕ್ಸಾಂಡರ್ ದೆಬೆನ್ ಹಕ್ಕುಪತ್ರ ಪಡೆದನು. ಕಾಲಿನಿಂದ ತಿದಿ ಒತ್ತುವ ಆ ವಾದ್ಯವನ್ನು, ನೆಲದ ಮೇಲೆ ಕುಳಿತು ಕೈಯಿಂದ ಒತ್ತುವಂತೆ ಕೋಲ್ಕತ್ತದ ಕುಶಲಿಗಳು ಬದಲಿಸಿದರು. ಅಲ್ಲಿಂದ ಅದು ನಾಟಕ ಕಂಪನಿಗೆ, ಭಜನಾ ಮೇಳಕ್ಕೆ, ಧಾರವಾಡದ ಸಂಗೀತ ಬೈಠಕ್ಕಿಗೆ ಬಂತು. ನಮ್ಮ ಬಲಿಪೂಜೆಗೂ ಬಂತು. ಕಣಕುಂಬಿಯ ನೀರು ನವಿಲುತೀರ್ಥಕ್ಕೆ ಬಂದಂತೆ!

ನಮ್ಮ ಹಾಡು ಯಾವಾಗ?

1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಬಗ್ಗೆ ನೀಡಿದ ದಾಖಲೆ, ಆರ್ಗನ್ನಿಗೆ ಗೌರವ ಸಲ್ಲಿಸುತ್ತಲೇ ಆಯಾ ನಾಡಿನ ಜನರ ಸಂಗೀತಕ್ಕೂ ತಕ್ಕ ಸ್ಥಾನ ಕೊಡಬೇಕೆಂದಿತು. ಅದಕ್ಕೂ ಮೊದಲೇ ಈ ಭಾಗದಲ್ಲಿ, ಬೈಲಹೊಂಗಲ ಕಡೆಯ ದೇಶನೂರಿನಲ್ಲಿ, ಯೇಸುಸಭೆಯ ಗುರುಗಳು ಕಾವಿ ಧರಿಸಿ ಈ ನೆಲದ ಸ್ವಾಮಿಗಳಂತೆ ಬಾಳಿ ದಾರಿ ತೋರಿದ್ದರು. ಲತೀನ್ ಗಾನದ ಜಾಗಕ್ಕೆ ಕನ್ನಡದ ಗಾನ ಬಂತು. ಕೇಳುತ್ತ ಕುಳಿತಿದ್ದ ಜನ ಹಾಡುವ ಜನರಾದರು.

ಆದರೆ ಇಂದು? ಕ್ರಿಸ್ತಜಯಂತಿಗೆ ಕೂಡಿದ ಗಾನವೃಂದ ಗೋದಲಿ ಬಿಚ್ಚುವಾಗಲೇ ಚದುರುತ್ತದೆ. ಪಟ್ಟಣದಿಂದ ಕೀಬೋರ್ಡಿನವರು ಬಂದರೆ ಹಾಡು, ಬಾರದಿದ್ದರೆ ಮೌನ. ಕೆಲವೆಡೆ ಪೆನ್‌ಡ್ರೈವ್ ಹಾಡುತ್ತದೆ, ಜನ ಕೇಳುತ್ತಾರೆ.

ನಾವು ಕಂಡ ಒಂದು ಚಿಕ್ಕ ಊರಿನ ಮಾತು. ತಗಡಿನ ಚಾವಣಿಯ ಗುಡಿ, ಗಿಲಾವು ಕಾಣದ ಗೋಡೆ. ಹಾರ್ಮೋನಿಯಂನ ತಿದಿ ಹರಿದಿತ್ತು. ಅದನ್ನು ರಿಪೇರಿ ಮಾಡಿಸಿ ಮಕ್ಕಳಿಗೆ ಹಾಡು ಕಲಿಸೋಣವೆಂದಾಗ ಹಿರಿಯರೊಬ್ಬರು, “ಮೊದಲ ಗುಡಿ ಮುಗೀಲ್ರಿ ಸ್ವಾಮಿ, ಹಾಡಿಂದು ಆಮ್ಯಾಲ ನೋಡೂಣು” ಎಂದರು. ಅವರ ಮಾತಿನಲ್ಲೂ ಕಳಕಳಿ ಇತ್ತು. ಸಿಮೆಂಟಿಗೇ ಹಣ ಸಾಲುತ್ತಿರಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಮಾತ್ರ ಮೆಲ್ಲಗೆ ಕೇಳಿದರು: “ಅಲ್ಲೀತನಕ ದೇವರು ಸುಮ್ಮನ ಕುಂಡರಬೇಕೇನ್ರಿ?”

ಯಾರೂ ಉತ್ತರ ಕೊಡಲಿಲ್ಲ. ಕಲೋನ್‌ನ ಜನ ಗುಡಿ ಮುಗಿಯಲೆಂದು ಕಾದಿದ್ದರೆ 632 ವರ್ಷ ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು. ಹಾಡುವವರು ಉಳಿದಿದ್ದರಿಂದಲೇ ಅದು ಪಾಳು ಕಟ್ಟಡವಾಗದೆ ದೇವಾಲಯವಾಗಿ ಉಳಿಯಿತು. ಮುಗಿಸಬೇಕೆಂಬ ಆಸೆಯೂ ಬದುಕಿತು. ಮೂಡಣ ದೇಶದ ಆ ಜ್ಞಾನಿಗಳು ಕೂಡ ಅರಮನೆಯಲ್ಲಿ ಕಾಣದ ಅರಸನನ್ನು ಬಡವರ ನೆಲೆಯಲ್ಲಿ ಕಂಡು, ಅಲ್ಲಿಯೇ ಮೊಣಕಾಲೂರಿದರಲ್ಲವೇ?

ಜರ್ಮನಿಯಲ್ಲಿ ಈ ಹಬ್ಬದ ದಿನಗಳಲ್ಲಿ ಮಕ್ಕಳು ಮೂರು ರಾಯರ ವೇಷ ತೊಟ್ಟು, ನಕ್ಷತ್ರ ಹಿಡಿದು, ಮನೆಮನೆಗೆ ಹೋಗಿ ಹಾಡುತ್ತಾರೆ. ಬಾಗಿಲ ಮೇಲೆ ಸೀಮೆಸುಣ್ಣದಿಂದ ಆಶೀರ್ವಾದದ ಗುರುತು ಬರೆಯುತ್ತಾರೆ. ಸಿಕ್ಕ ಕಾಣಿಕೆ 1959ರಿಂದ ಲೋಕದ ಬಡ ಮಕ್ಕಳಿಗೆ ಸಲ್ಲುತ್ತಿದೆ. ಅದಕ್ಕೆ ಗೋಪುರ ಬೇಡ, ಆರ್ಗನ್ ಬೇಡ. ಹಾಡಲು ಕಲಿಸುವವರು ಒಬ್ಬರಿದ್ದರೆ ಸಾಕು.

ಪ್ರಿಯರೇ, ಈ ವರ್ಷ ಗೋದಲಿಯನ್ನು ಬಿಚ್ಚಿದರೂ ಗಾನವೃಂದವನ್ನು ಬಿಚ್ಚದಿರೋಣ. ಹಳೆಯ ಹಾಡು ಬಲ್ಲ ಅಜ್ಜಿ ತಾತಂದಿರನ್ನು ಭಾನುವಾರ ಅರ್ಧ ಗಂಟೆ ಮಕ್ಕಳ ನಡುವೆ ಕೂರಿಸೋಣ. ಮೂಲೆಯಲ್ಲಿ ಧೂಳು ತಿನ್ನುವ ಪೆಟ್ಟಿಗೆಗೆ ಹೊಸ ತಿದಿ ಹಾಕಿಸೋಣ. ಗೋಡೆ ತನ್ನ ಕಾಲಕ್ಕೆ ಏಳಲಿ. ಕಟ್ಟುವವರಿಗೂ ಹಾಡುವವರಿಗೂ ಮೂರು ರಾಯರು ಅರಸಿ ಬಂದ ಬಾಲಯೇಸು ಬಲ ನೀಡಲಿ.