ಅವ್ವನ ಮುಖ ಕಾಣದ ಭಾನುವಾರ

ಭಾನುವಾರ ಸಂಜೆ ಏಳಕ್ಕೆ ಗದಗಿನಲ್ಲಿ ನಮ್ಮ ಅವ್ವ ಮೊಬೈಲನ್ನು ಎದುರಿಗಿಟ್ಟುಕೊಂಡು ಕೂಡುವುದು ವಾಡಿಕೆ. ಡೊಂಬಿವಲಿಯಲ್ಲಿರುವ ಮೊಮ್ಮಕ್ಕಳ ಮುಖ ಆಕೆಗೆ ಕಾಣಬೇಕು. ಒಂದು ಭಾನುವಾರ ಕಾಣಲಿಲ್ಲ. ನಾನು ಇಂಟರ್‌ನೆಟ್ ಕೊಡುವವರನ್ನು ಬೈಯುತ್ತ ಕುಳಿತೆ. ಅತ್ತ ಅವ್ವ ಏನು ಅನಾಹುತವಾಯಿತೋ ಎಂದು ಉಣ್ಣದೆ ಮಲಗಿದಳು. ಮರುದಿನ ನೋಡಿದರೆ, ನಮ್ಮ ಮನೆಯ ರೂಟರಿನ ಹಿಂದಿನ ತಂತಿಯೇ ಸಡಿಲವಾಗಿತ್ತು! ಬಿ.ಎ. ಓದಿದವನಿಗೆ ನಾಚಿಕೆಯಾಯಿತು. ಆಮೇಲೆ ಕಲಿತುಕೊಂಡದ್ದನ್ನು ವಾಚಕರ ಮುಂದಿಡುತ್ತೇನೆ.

ಕಂಪ್ಯೂಟರುಗಳು ಒಂದರೊಡನೊಂದು ಸುದ್ದಿ ಕೊಟ್ಟು ತೆಗೆದುಕೊಳ್ಳುವ ಏರ್ಪಾಡೇ ಜಾಲ. ಕೈಯಲ್ಲಿನ ಮೊಬೈಲೂ ಒಂದು ಕಂಪ್ಯೂಟರೇ. ಮನೆಯೊಳಗಿನದು ಚಿಕ್ಕ ಜಾಲ. ಇಂಥ ಅಸಂಖ್ಯ ಜಾಲಗಳು ಕೂಡಿದ್ದೇ ಇಂಟರ್‌ನೆಟ್. ಮುಂಬಯಿಯ ಜನಸಾಮಾನ್ಯರಿಗೆ ಅದು ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ.

ನಾವು ಕಳಿಸಿದ ಚಿತ್ರ ಇಡಿಯಾಗಿ ಹೋಗುವುದಿಲ್ಲ. ಅದು ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಹೊರಡುತ್ತದೆ. ಪ್ರತಿ ತುಂಡಿಗೂ ಕಳಿಸಿದವರ ವಿಳಾಸ, ಸೇರಬೇಕಾದ ವಿಳಾಸ, ಕ್ರಮಸಂಖ್ಯೆ ಇರುತ್ತವೆ. ರೂಟರೆಂದರೆ ನಮ್ಮ ಕಲ್ಯಾಣ ಜಂಕ್ಷನ್ ಇದ್ದಂತೆ. ಅಲ್ಲಿ ಕಸಾರಾ ಗಾಡಿ ಒಂದು ಹಾದಿ, ಕರ್ಜತ್ ಗಾಡಿ ಇನ್ನೊಂದು ಹಾದಿ ಹಿಡಿಯುವುದಿಲ್ಲವೆ? ಅಂತೆಯೇ ವಿಳಾಸ ನೋಡಿ ರೂಟರು ಮುಂದಿನ ಹಾದಿ ಆರಿಸುತ್ತದೆ. ಬೇರೆ ಬೇರೆ ಹಾದಿಯಲ್ಲಿ ಬಂದ ತುಂಡುಗಳು ಕೊನೆಗೆ ಕ್ರಮಸಂಖ್ಯೆಯಂತೆ ಜೋಡಣೆಯಾಗುತ್ತವೆ. ಚಿತ್ರದ ತುಂಡು ಕಳೆದರೆ ಮತ್ತೆ ತರಿಸಿಕೊಳ್ಳಬಹುದು. ಮುಖ ನೋಡುತ್ತ ಮಾತಾಡುವಾಗ ಅಷ್ಟು ಪುರಸೊತ್ತಿಲ್ಲ. ಆದುದರಿಂದಲೇ ಆಗಾಗ ಮುಖ ಕಲ್ಲಿನಂತೆ ನಿಂತುಬಿಡುತ್ತದೆ.

ವಿಳಾಸವೆಂದರೆ ಅಂಕೆಗಳು, ನಮ್ಮ ಪಿನ್ ಕೋಡಿನ ಹಾಗೆ. ಹಳೆಯ ಪದ್ಧತಿಯಲ್ಲಿ ಸುಮಾರು 430 ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಅವು ಸಾಲದೆ, ಇನ್ನೂ ಉದ್ದನೆಯ ವಿಳಾಸಗಳ ಹೊಸ ಪದ್ಧತಿಯೂ ಬಂದಿದೆ. ಅಂಕೆಗಳು ನಮಗೆ ನೆನಪಿರುವುದಿಲ್ಲವಾಗಿ ನಾವು ಹೆಸರು ಬರೆಯುತ್ತೇವೆ, ಡಿ.ಎನ್.ಎಸ್. ಎಂಬ ವ್ಯವಸ್ಥೆ ಟೆಲಿಫೋನ್ ಡೈರೆಕ್ಟರಿಯಂತೆ ಆ ಹೆಸರಿನ ಅಂಕೆಯನ್ನು ಹುಡುಕಿಕೊಡುತ್ತದೆ.

ಜಾಲ ನಿಂತರೆ ಮನೆಯಿಂದಲೇ ಹುಡುಕಲು ತೊಡಗಿರಿ. ರೂಟರಿನ ದೀಪ, ತಂತಿ ನೋಡಿರಿ. ಮನೆಯ ಇನ್ನೊಂದು ಮೊಬೈಲಿನಲ್ಲಿ ಜಾಲ ನಡೆಯುತ್ತಿದ್ದರೆ ದೋಷ ನಿಮ್ಮ ಮೊಬೈಲಿನದು. ಯಾವುದರಲ್ಲೂ ನಡೆಯದಿದ್ದರೆ ರೂಟರನ್ನು ಅರ್ಧ ನಿಮಿಷ ಆರಿಸಿ ಮತ್ತೆ ಹಚ್ಚಿರಿ. ಆಗಲೂ ಬಾರದಿದ್ದರೆ ಮಾತ್ರ ಹೊರಗಿನವರಿಗೆ ದೂರು ಕೊಡಿರಿ.

ಇದೆಲ್ಲಕ್ಕೂ ಮೊದಲು ಇನ್ನೊಂದು ಕೆಲಸವುಂಟು. ಊರಿನಲ್ಲಿ ಕಾದು ಕುಳಿತವರಿಗೆ ಒಂದು ಸಾದಾ ಫೋನು ಮಾಡಿ, "ನಾವೆಲ್ಲ ಆರಾಮ ಇದ್ದೇವೆ, ನೀವು ಊಟ ಮಾಡಿರಿ" ಎಂದು ಹೇಳಿಬಿಡಿರಿ.